ಹೊಸ ಕಂಪ್ಯೂಟರ್‌ನ ಫ್ಯಾನ್ ತಿರುಗಿದರೂ ಪರದೆ ಕಪ್ಪು: ಬೋರ್ಡ್ ಸುಟ್ಟಿದೆಯೇ?

ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಕೆ.ಆರ್. ಪುರದ ಮನೆಯಲ್ಲಿ ಕಂಪ್ಯೂಟರ್ ಜೋಡಿಸಿದ್ದೀರಿ. ಫ್ಯಾನ್ ತಿರುಗುತ್ತಿದೆ, ಪರದೆಯಲ್ಲಿ ಏನೂ ಇಲ್ಲ. ಗೆಳೆಯರು ‘ಬೋರ್ಡ್ ಹೋಯ್ತು’ ಎನ್ನುತ್ತಾರೆ. ಎಲ್ಲ ಬಿಚ್ಚಿಕೊಂಡು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಗೆ ಹೊರಡುವ ಮೊದಲು ತುಸು ತಡೆಯಿರಿ.

ಫ್ಯಾನ್ ತಿರುಗಿದರೆ ವಿದ್ಯುತ್ ಬಂದಿದೆ ಎಂದಷ್ಟೇ ಅರ್ಥ. ಪ್ರೊಸೆಸರ್‌ಗೆ ಬೇರೆಯದೇ ಕೇಬಲ್ ಬೇಕು. 24 ಪಿನ್ನಿನ ದೊಡ್ಡ ಕೇಬಲ್ ಹಾಕಿದವರು ಬೋರ್ಡಿನ ಮೇಲಿನ ಮೂಲೆಯ 8 ಪಿನ್ನಿನದನ್ನು ಮರೆಯುವುದುಂಟು. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಪವರ್ ಸಪ್ಲೈ ಡಬ್ಬಿಯನ್ನಂತೂ ತೆರೆಯಲೇಬೇಡಿ, ಪ್ಲಗ್ ಕಿತ್ತರೂ ಒಳಗೆ ಚಾರ್ಜ್ ಉಳಿದಿರಬಹುದು.

ರ್‍ಯಾಮ್ ‘ಟಕ್’ ಎನ್ನುವವರೆಗೆ ಕೂತಿದೆಯೇ? ಒಂದನ್ನು ಮಾತ್ರ ಇಟ್ಟು ನೋಡಿ. ಡಿಡಿಆರ್5 ಆದರೆ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಬೇಕು. ಆ ಹೊತ್ತಿಗೆ ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು.

ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಅಂಗಡಿಗೆ ಹೋಗಲೇಬೇಕಾದ ಸಂದರ್ಭವೂ ಇದೆ. ಹಳೆ ಸ್ಟಾಕಿನ ಬಿ450 ಬೋರ್ಡು ಬಯಾಸ್ ಅಪ್‌ಡೇಟ್ ಆಗದೆ ರೈಜೆನ್ 5000 ಸರಣಿಯನ್ನು ಗುರುತಿಸುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬಯಾಸ್ ಅಪ್‌ಡೇಟ್, ಹೊಸ ಬೋರ್ಡ್ ಅಲ್ಲ.