ಪುಂಡಿ ಗಿಡದಲ್ಲೇ ಇದೆ ಪಾಠ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿ ಎಂದರೆ ಇಂದು ಬಹುತೇಕರಿಗೆ ನೆನಪಾಗುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಆದರೆ ಈ ಸೀಮೆಯ ಎರೆಹೊಲಗಳಿಗೆ ಪುಂಡಿಯೊಂದಿಗೆ ಬಹಳ ಹಳೆಯ ನಂಟು. ರೊಟ್ಟಿಗೆ ಹುಳಿ ಪಲ್ಯ, ದನಕ್ಕೆ ಹಗ್ಗ, ಎರಡನ್ನೂ ಕೊಡುವ ಗಿಡವಿದು.

ಸಸ್ಯಗಳ ಸರಳ ಶಾಶ್ವತ ಅಂಗಾಂಶಗಳು ಮೂರು: ಪೇರಂಕೈಮ, ಕೋಲಂಕೈಮ, ಸ್ಕ್ಲೀರಂಕೈಮ. ಒಂಬತ್ತನೇ ತರಗತಿಯ ಮಕ್ಕಳು ಇವುಗಳ ವ್ಯತ್ಯಾಸವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ಒಂದು ಪುಂಡಿ ಗಿಡ ಕಿತ್ತು ತಂದರೆ ಮೂರನ್ನೂ ಮುಟ್ಟಿ ತಿಳಿಯಬಹುದು.

ಪಲ್ಯಕ್ಕೆ ಬಿಡಿಸುವ ಎಲೆಯ ಮೆದು ಭಾಗವೆಲ್ಲ ಹೆಚ್ಚಾಗಿ ಪೇರಂಕೈಮ. ತೆಳುಗೋಡೆಯ ಜೀವಂತ ಕೋಶಗಳು, ನಡುನಡುವೆ ಗಾಳಿಯಾಡುವ ಜಾಗ. ಎಲೆಯಲ್ಲಿ ಇವು ಹರಿತ್ತು ತುಂಬಿಕೊಂಡು ಆಹಾರ ತಯಾರಿಸುತ್ತವೆ; ಬೇರು, ಕಾಂಡಗಳಲ್ಲಿ ಅದನ್ನು ಕೂಡಿಡುತ್ತವೆ.

ಎಲೆಯ ತೊಟ್ಟನ್ನು ಮೆಲ್ಲಗೆ ಬಗ್ಗಿಸಿ ಬಿಟ್ಟರೆ ಮುರಿಯದೆ ಮತ್ತೆ ನೆಟ್ಟಗಾಗುತ್ತದೆ. ಹೊರಪದರದ ಅಡಿಯಲ್ಲಿರುವ ಕೋಲಂಕೈಮದ ಕೆಲಸವದು. ಇವೂ ಜೀವಂತ ಕೋಶಗಳೇ; ಗೋಡೆ ಮಾತ್ರ ಮೂಲೆಗಳಲ್ಲಿ ಸೆಲ್ಯುಲೋಸ್, ಪೆಕ್ಟಿನ್ ಸೇರಿ ದಪ್ಪಗಾಗಿರುತ್ತದೆ. ಎಳೆಯ ಭಾಗಕ್ಕೆ ಆಸರೆಯಾಗುತ್ತಲೇ ಅದರೊಂದಿಗೆ ತಾವೂ ಬೆಳೆಯುತ್ತವೆ. ಪಕ್ಕದ ಸಾಲಿನ ಜೋಳ ಏಕದಳ ಸಸ್ಯ. ಅದರ ದಂಟಿನಲ್ಲಿ ಕೋಲಂಕೈಮ ಇಲ್ಲ, ಸ್ಕ್ಲೀರಂಕೈಮವೇ ಬಲ.

ಈ ಸ್ಕ್ಲೀರಂಕೈಮವನ್ನು ರೈತರು ಪುಸ್ತಕಕ್ಕಿಂತ ಮೊದಲೇ ಬಲ್ಲರು. ಬಲಿತ ಪುಂಡಿ ಕಟ್ಟಿಗೆಯನ್ನು ಕಂತೆ ಕಟ್ಟಿ ನೀರಲ್ಲಿ ಮುಳುಗಿಸಿಡುತ್ತಾರೆ. ದಿನ ಕಳೆದಂತೆ ಸೂಕ್ಷ್ಮಾಣುಗಳು ಪೆಕ್ಟಿನ್ ಕರಗಿಸಿ, ತೆಳುಗೋಡೆಯ ಕೋಶಗಳನ್ನು ಕೊಳೆಸುತ್ತವೆ. ಸಿಪ್ಪೆ ಸುಲಿದು, ಜಾಲಿಸಿ ತೊಳೆದರೆ ಉದ್ದನೆಯ ನಾರು ಕೈಗೆ ಬರುತ್ತದೆ. ಅದೇ ಸ್ಕ್ಲೀರಂಕೈಮ: ಬಲಿತ ಮೇಲೆ ಜೀವ ಹೋದ, ಲಿಗ್ನಿನ್ ಸೇರಿ ಗಟ್ಟಿಯಾದ, ಒತ್ತೊತ್ತಾಗಿ ಕೂಡಿಕೊಂಡ ಕೋಶಗಳು. ಮೆದುವಾದದ್ದು ಕೊಳೆಯಿತು, ಗಟ್ಟಿಯಾದದ್ದು ಉಳಿಯಿತು. ಮೂರು ಅಂಗಾಂಶಗಳ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಪೇರಲ ಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನಂತೆ ಸಿಗುವ ಕಣಗಳೂ ಇದೇ ಜಾತಿಯವು.

ಇಲ್ಲೊಂದು ಎಚ್ಚರವೂ ಬೇಕು. ಬಳ್ಳಾರಿಯ ಜೀನ್ಸ್‌ಗೆ ಬೇಕಾದ ಹತ್ತಿಯೂ ನಾರೇ, ಆದರೆ ಸ್ಕ್ಲೀರಂಕೈಮ ಅಲ್ಲ. ಹತ್ತಿಯ ಒಂದೊಂದು ಎಳೆಯೂ ಬೀಜದ ಹೊರಪದರದಿಂದ ಚಾಚಿದ ಒಂದೇ ಕೋಶದ ರೋಮ, ಬಹುಪಾಲು ಸೆಲ್ಯುಲೋಸ್. ಲಿಗ್ನಿನ್ ಇಲ್ಲದ್ದರಿಂದಲೇ ಅದು ಮೈಗೆ ಮೆತ್ತಗೆ; ಪುಂಡಿ ನಾರು ಒರಟು.

ಶಾಲೆಯಲ್ಲಿ ಪುಂಡಿ ದಂಟನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ, ಸಫ್ರಾನಿನ್ ಎಂಬ ಬಣ್ಣ ಹನಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಲಿಗ್ನಿನ್ ಇರುವ ಭಾಗ ಕಡುಗೆಂಪಾಗಿ ಕಾಣುತ್ತದೆ. ಮನೆಯಲ್ಲಿ ಹಗ್ಗ ಹೊಸೆಯುವುದನ್ನು ಕಂಡ ಮಗುವಿಗೆ ಆ ಕೆಂಪು ಕೋಶಗಳು ಏನೆಂದು ಹೇಳಿಕೊಡಬೇಕಾಗಿಲ್ಲ. ಹೊಲದ ತಿಳಿವಳಿಕೆಯನ್ನು ತರಗತಿಗೆ ಕರೆತರುವ ಶಿಕ್ಷಕರು ನಮಗೆ ಹೆಚ್ಚು ಹೆಚ್ಚು ಬೇಕು.