ದೂರದೂರಿಗೆ ಹೊರಟ ಕೈಗಡಿಯಾರ: ಜೋಪಾನವೂ ವಿಮೆಯೂ

ಮನೆಯ ಹಿರಿಯರು ಜೀವಮಾನವಿಡೀ ಧರಿಸಿದ್ದ ಕೈಗಡಿಯಾರವು ಅವರ ತರುವಾಯ ಕಪಾಟಿನ ಖಾನೆಯೊಂದರಲ್ಲಿ ಮಲಗಿಬಿಡುವುದು ನಮ್ಮ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಅದನ್ನು ಧರಿಸುವವರಿಲ್ಲ, ಬಿಸುಡಲು ಮನಸ್ಸಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಇಂಥ ಹಳೆಯ ಗಡಿಯಾರಗಳಿಗೆ ಅನಿರೀಕ್ಷಿತವಾದ ಬೆಲೆ ಬಂದಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಕಾರ್ಖಾನೆಯ ‘ಜನತಾ’ ಮೊದಲಾದವು ಒಂದು ಕಾಲಕ್ಕೆ ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಮನೆಮನೆಯನ್ನು ಸೇರಿದ್ದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿದ ಮೇಲೆ ಸಂಗ್ರಾಹಕರು ಅವುಗಳನ್ನು ಮತ್ತಷ್ಟು ಆಸಕ್ತಿಯಿಂದ ಅರಸತೊಡಗಿದ್ದಾರೆ. ಸ್ವಿಟ್ಜರ್ಲೆಂಡಿನ ಒಮೆಗಾದಂಥ ಹಳೆಯ ಗಡಿಯಾರಗಳ ಬೆಲೆಯಂತೂ ಕೆಲವೊಮ್ಮೆ ಲಕ್ಷವನ್ನು ಮೀರುತ್ತದೆ.

ಮಾರುವವನು ಹಾವೇರಿಯಲ್ಲಿ, ಕೊಳ್ಳುವವನು ಹೈದರಾಬಾದಿನಲ್ಲಿ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಾಣದೆ ಅಂತರ್ಜಾಲದ ಮೂಲಕವೇ ವ್ಯಾಪಾರವನ್ನು ಕುದುರಿಸುವ ಕಾಲವಿದು. ಮಾತು ಮುಗಿಯಲು ಅರ್ಧ ಗಳಿಗೆ ಸಾಕು. ಆದರೆ ಆ ಪುಟ್ಟ ವಸ್ತುವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಯನ್ನು ಸುರಕ್ಷಿತವಾಗಿ ಸೇರುವವರೆಗಿನ ಜವಾಬ್ದಾರಿ ಯಾರದು, ನಡುದಾರಿಯಲ್ಲಿ ಕಳೆದರೆ ನಷ್ಟವನ್ನು ತುಂಬುವವರು ಯಾರು ಎಂಬ ವಿಚಾರವನ್ನು ಮೊದಲೇ ಮಾಡುವವರು ವಿರಳ. ಆದುದರಿಂದ ವಾಚಕರ ಉಪಯೋಗಕ್ಕಾಗಿ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವೇಚಿಸಲು ಬಯಸುತ್ತೇವೆ.

ಕಾನೂನಿನ ಮಾತು

1930ರ ಸರಕು ಮಾರಾಟ ಕಾನೂನಿನ ಪ್ರಕಾರ, ಮಾರಿದವನು ಒಪ್ಪಂದದಂತೆ ವಸ್ತುವನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಮೇಲ್ನೋಟಕ್ಕೆ ಅದು ಕೊಂಡವನಿಗೇ ಒಪ್ಪಿಸಿದಂತೆ. ಇಷ್ಟನ್ನೇ ಓದಿ ಮಾರಿದವನು ನಿಶ್ಚಿಂತನಾಗಬಾರದು. ವಸ್ತುವಿನ ಸ್ವರೂಪಕ್ಕೆ ತಕ್ಕಂತೆ ಸಾಗಣೆದಾರನೊಡನೆ ಯುಕ್ತವಾದ ಕರಾರನ್ನು ಮಾಡಿಕೊಳ್ಳುವುದು ಮಾರಿದವನ ಕರ್ತವ್ಯವೆಂದೂ ಅದೇ ಕಾನೂನು ಹೇಳುತ್ತದೆ. ಬೆಲೆಬಾಳುವ ಗಡಿಯಾರವನ್ನು ಸಾಧಾರಣ ಕಾಗದಪತ್ರದಂತೆ ಕಳುಹಿಸಿ, ಅದು ದಾರಿಯಲ್ಲಿ ಹಾಳಾದರೆ, ಆ ಒಪ್ಪಿಸುವಿಕೆಯನ್ನು ತನಗೆ ಒಪ್ಪಿಸಿದುದೆಂದು ಮನ್ನಿಸಲು ಕೊಂಡವನು ನಿರಾಕರಿಸಬಹುದು. ಆದುದರಿಂದ ಸಾಗಣೆಯ ವೆಚ್ಚ ಯಾರದು, ವಿಮೆ ಯಾರ ಹೆಸರಿನಲ್ಲಿ, ದಾರಿಯ ಅಪಾಯ ಯಾರ ಪಾಲಿಗೆ ಎಂಬ ಮೂರು ಮಾತುಗಳನ್ನು ಹಣ ಕೈ ಬದಲಾಗುವ ಮುನ್ನವೇ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಮೊಬೈಲಿನ ಸಂದೇಶದಲ್ಲಿದ್ದರೂ ಸಾಕು, ಅದನ್ನು ಅಳಿಸದೆ ಕಾಯ್ದಿಡಬೇಕು.

ಇನ್ನು ಸಾಗಣೆದಾರನ ರಸೀತಿಯ ಹಿಂಬದಿಯಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಮುದ್ರಿತವಾಗಿರುವ ನಿಬಂಧನೆಗಳ ವಿಚಾರ. ಅವನ್ನು ಓದುವವರು ನೂರರಲ್ಲಿ ಒಬ್ಬರೂ ಇಲ್ಲ. ಆದರೆ ಅವುಗಳ ಬಲ ಎಷ್ಟೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಜರ್ಮನಿಗೆ ಕೊರಿಯರ್ ಮೂಲಕ ಕಳುಹಿಸಿದ ಮಹತ್ವದ ಕಾಗದಪತ್ರಗಳು ತಲುಪದೆ ಆ ಕಂಪನಿಗೆ ಭಾರಿ ನಷ್ಟವಾಗಿತ್ತು. ಆದರೆ ಸಹಿ ಮಾಡಿದ ರಸೀತಿಯಲ್ಲಿ ಪರಿಹಾರದ ಮಿತಿ 100 ಡಾಲರ್ ಎಂದಿದ್ದುದರಿಂದ ಅಷ್ಟೇ ದೊರೆಯತಕ್ಕದ್ದೆಂದು ತೀರ್ಪಾಯಿತು. ಸಹಿ ಮಾಡಿದವನು ಒಪ್ಪಿದವನೇ ಎಂಬುದು ಇದರ ತಾತ್ಪರ್ಯ.

ಸುಳ್ಳು ಬರೆದುದರ ಫಲ

ಧಾರವಾಡದ ಕಡೆಯ ಒಂದು ಪರಿಚಿತ ಕುಟುಂಬದಲ್ಲಿ ನಡೆದ ಸಂಗತಿಯನ್ನು ಹೆಸರುಗಳಿಲ್ಲದೆ ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ಮಗಳ ಕಾಲೇಜಿನ ಶುಲ್ಕಕ್ಕಾಗಿ ಆ ತಂದೆಯು ತಮ್ಮ ತೀರ್ಥರೂಪರ ಚಿನ್ನದ ಕವಚದ ಗಡಿಯಾರವನ್ನು ಪುಣೆಯ ಸಂಗ್ರಾಹಕರೊಬ್ಬರಿಗೆ ರೂ. 1,60,000ಕ್ಕೆ ಮಾರಿದರು. ಅರ್ಧ ಹಣ ಮುಂಗಡವಾಗಿ ಬಂದಿತು. “ನಿಜವಾದ ಬೆಲೆ ಬರೆದರೆ ಕಳ್ಳರ ಕಣ್ಣು ಬಿದ್ದೀತು, ಖರ್ಚೂ ಹೆಚ್ಚಾದೀತು” ಎಂದು ಯಾರೋ ಹಿತೈಷಿಗಳು ಹೇಳಿದರು. ಅದನ್ನು ನಂಬಿ ಕೊರಿಯರ್ ಕಾಗದದಲ್ಲಿ ‘ಆಟಿಕೆ, ರೂ. 2,000’ ಎಂದು ಬರೆದರು. ಪುಣೆಯಲ್ಲಿ ಪೆಟ್ಟಿಗೆ ತಲುಪಿದಾಗ ಅದರ ಒಂದು ಅಂಚು ಸೀಳಿತ್ತು, ಒಳಗೆ ಹತ್ತಿಯ ಹೊರತು ಏನೂ ಇರಲಿಲ್ಲ. ಪರಿಹಾರ ಕೇಳಲು ಹೋದಾಗ ಅವರದೇ ಕೈಬರಹವು ಅವರ ಎದುರು ನಿಂತಿತು. ಆಟಿಕೆಯ ಬೆಲೆಯನ್ನು ಕೊಡುವೆವು, ಗಡಿಯಾರದ ಮಾತು ನಮಗೆ ತಿಳಿಯದು ಎಂಬ ಉತ್ತರ ದೊರೆಯಿತು. ಮುಂಗಡವನ್ನು ಮರಳಿಸಬೇಕಾಯಿತು. ಶುಲ್ಕಕ್ಕೆ ಸಾಲವಾಯಿತು. ಹಿರಿಯರ ನೆನಪೂ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಆ ಹಿತೈಷಿಯ ಆತಂಕದಲ್ಲಿ ಅರ್ಧ ನಿಜವಿತ್ತು. ಬೆಲೆಯನ್ನು ಎಲ್ಲಿ ಹೇಳಬೇಕು, ಎಲ್ಲಿ ಮುಚ್ಚಬೇಕು ಎಂಬ ವಿವೇಚನೆ ಮಾತ್ರ ತಪ್ಪಿತು. ಕಾಗದದ ಮೇಲೆ ಸತ್ಯವಿರಬೇಕು, ಪೆಟ್ಟಿಗೆಯ ಹೊರಮೈ ಮೇಲೆ ಮೌನವಿರಬೇಕು. ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಜಗದ್ವಿಖ್ಯಾತವಾದ ಹೋಪ್ ವಜ್ರವನ್ನು ಅದರ ಒಡೆಯರಾದ ಹ್ಯಾರಿ ವಿನ್‌ಸ್ಟನ್ ಅವರು 1958ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದುದು ರಿಜಿಸ್ಟರ್ಡ್ ಅಂಚೆಯಲ್ಲಿ, ಸಾಧಾರಣ ಕಂದು ಕಾಗದ ಸುತ್ತಿದ ಪೊಟ್ಟಣದಲ್ಲಿ. ತಗುಲಿದ ಒಟ್ಟು ವೆಚ್ಚ 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆಯ ದರ ಕೇವಲ 2 ಡಾಲರ್ 44 ಸೆಂಟ್, ಉಳಿದುದೆಲ್ಲ ಸುಮಾರು ಹತ್ತು ಲಕ್ಷ ಡಾಲರುಗಳ ವಿಮೆಗಾಗಿ. ಹೊರಗೆ ನೋಡಿದವರಿಗೆ ಅದು ಏನೂ ಅಲ್ಲ, ದಾಖಲೆಯಲ್ಲಿ ಅದರ ಪೂರ್ಣ ಮೌಲ್ಯ. ವಜ್ರವು ಕ್ಷೇಮವಾಗಿ ತಲುಪಿತು.

ವಿಮೆಯ ಮೂಲತತ್ತ್ವ

ವಿಮೆಗೂ ಗಡಿಯಾರಕ್ಕೂ ಹಳೆಯ ನಂಟು. ವಿಮಾ ಜಗತ್ತಿನಲ್ಲಿ ಹೆಸರಾದ ಲಂಡನ್ನಿನ ಲಾಯ್ಡ್ಸ್ ಹುಟ್ಟಿದುದು ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ. ಆ ಅಂಗಡಿಯ ಹೆಸರು ಅಚ್ಚಿನಲ್ಲಿ ಮೊಟ್ಟಮೊದಲು ಕಾಣಿಸಿಕೊಂಡುದು 1689ರ ಫೆಬ್ರವರಿಯ ಲಂಡನ್ ಗೆಜೆಟ್ ಪತ್ರಿಕೆಯ ಒಂದು ಜಾಹೀರಾತಿನಲ್ಲಿ. ಕಳುವಾದ ಐದು ಗಡಿಯಾರಗಳ ಸುಳಿವು ಕೊಟ್ಟವರಿಗೆ ಒಂದು ಗಿನಿ ಬಹುಮಾನ, ಸುದ್ದಿಯನ್ನು ಲಾಯ್ಡನ ಅಂಗಡಿಗೆ ಮುಟ್ಟಿಸಬೇಕು ಎಂಬುದೇ ಆ ಜಾಹೀರಾತಿನ ಸಾರ!

ನಮ್ಮ ದೇಶದಲ್ಲಿ ಸಾಗಣೆಯ ವಿಮೆಗೆ ಆಧಾರವಾದ ತತ್ತ್ವಗಳು 1963ರ ಸಾಗರ ವಿಮಾ ಕಾನೂನಿನಲ್ಲಿ ಅಡಕವಾಗಿವೆ. ಅವುಗಳಲ್ಲಿ ಪ್ರಧಾನವಾದುದು ಪರಮ ಸದ್ಭಾವ. ವಿಮೆ ಮಾಡಿಸುವವನು ತನಗೆ ತಿಳಿದ ಮುಖ್ಯ ಸಂಗತಿಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು. ತಿಳಿಸದಿದ್ದರೆ ವಿಮಾ ಸಂಸ್ಥೆಯು ಕರಾರನ್ನೇ ತಳ್ಳಿಹಾಕಬಹುದು. ಎರಡನೆಯದು, ನಷ್ಟವಾದಾಗ ಆ ವಸ್ತುವಿನಲ್ಲಿ ವಿಮೆದಾರನಿಗೆ ಹಿತಾಸಕ್ತಿ ಇರಬೇಕೆಂಬುದು. ಮೂರನೆಯದು, ವಸ್ತುವಿನ ಅಂತರ್ಗತ ದೋಷದಿಂದ, ಸಹಜ ಸವೆತದಿಂದ ಮತ್ತು ವಿಳಂಬದಿಂದ ಆಗುವ ನಷ್ಟಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ಕಟ್ಟುವಿಕೆ ಸಾಲದೆ ಆದ ಹಾನಿಯನ್ನೂ ಕರಾರುಗಳು ಹೊರಗಿಡುತ್ತವೆ. ಅಂದರೆ ಗಡಿಯಾರವನ್ನು ಅಡ್ಡಾದಿಡ್ಡಿಯಾಗಿ ಕಟ್ಟಿ, ವಿಮೆಯಿದೆಯಲ್ಲ ಎಂದು ಕುಳಿತರೆ ವಿಮೆಯೂ ಕೈಬಿಡುತ್ತದೆ.

ಯಾರ ಮೂಲಕ ಕಳುಹಿಸಬೇಕು?

ಬೆಲೆಯು ಸಾಧಾರಣವಾಗಿದ್ದರೆ ಅಂಚೆ ಇಲಾಖೆಯ ವಿಮೆ ಸಹಿತವಾದ ಸ್ಪೀಡ್ ಪೋಸ್ಟ್ ಒಂದು ಭರವಸೆಯ ಮಾರ್ಗ. ವಿಮೆಯ ಮಿತಿಯು ಬಹುಕಾಲದಿಂದ ಒಂದು ಲಕ್ಷ ರೂಪಾಯಿ ಎಂದಿತ್ತು. ಸದ್ಯದ ಮಿತಿಯನ್ನೂ ದರವನ್ನೂ ಅಂಚೆ ಕಛೇರಿಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಿಂದಿನ ರಿಜಿಸ್ಟರ್ಡ್ ಅಂಚೆಯು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಅದೇ ವರ್ಷದ ಅಕ್ಟೋಬರಿನಿಂದ, ಹೆಚ್ಚುವರಿ ಶುಲ್ಕ ಕೊಟ್ಟರೆ ವಿಳಾಸದಾರನಿಗೇ ಒಪ್ಪಿಸುವ ನೋಂದಣಿ ಸೌಲಭ್ಯವೂ, ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಹೇಳಿದವರಿಗೆ ಮಾತ್ರ ಕೊಡುವ ವ್ಯವಸ್ಥೆಯೂ ದೊರೆಯುತ್ತವೆ. ಗಡಿಯಾರಕ್ಕೆ ಇವೆರಡೂ ತಕ್ಕವು.

ಖಾಸಗಿ ಕೊರಿಯರ್ ಆದರೆ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಗಡಿಯಾರ ಮತ್ತು ಚಿನ್ನದ ವಸ್ತುಗಳು ಅವರ ನಿಷಿದ್ಧ ಪಟ್ಟಿಯಲ್ಲಿವೆಯೆ? ಇದ್ದರೆ ಅವರಲ್ಲಿ ಕಳುಹಿಸಲೇಬಾರದು, ಏಕೆಂದರೆ ಪರಿಹಾರದ ಹಕ್ಕು ಅಲ್ಲಿಯೇ ಕೊನೆಗೊಳ್ಳಬಹುದು. ಎರಡನೆಯದಾಗಿ, ಅವರು ‘ಇನ್ಶೂರೆನ್ಸ್’ ಎಂದು ಹೇಳುವುದು ನಿಜವಾದ ವಿಮೆಯೊ, ಅಥವಾ ಅವರದೇ ಸೀಮಿತ ಹೊಣೆಯೊ? ನಿಜವಾದ ವಿಮೆಯಾದರೆ ಅದಕ್ಕೆ ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿಯ ಸಂಖ್ಯೆ ಇರುತ್ತವೆ. ಬೆಲೆ ಲಕ್ಷಗಳನ್ನು ಮೀರಿದಾಗ ಸಾಮಾನ್ಯ ವಿಮಾ ಕಂಪನಿಯಿಂದ ಆ ಒಂದು ಪ್ರಯಾಣಕ್ಕೆ ಮಾತ್ರ ಸಾಗಣೆಯ ಪಾಲಿಸಿಯನ್ನು ಪಡೆಯಬಹುದೆ ಎಂದು ವಿಚಾರಿಸಬೇಕು. ಅದರಲ್ಲಿ ಗಡಿಯಾರವನ್ನು ಹೊರಗಿಟ್ಟಿಲ್ಲವೆಂದು ಬರಹದಲ್ಲಿ ಕೇಳಿ ಪಡೆಯಬೇಕು. ಇವು ಯಾವುವೂ ಒದಗದಿದ್ದರೆ ಕೊಳ್ಳುವವರೇ ಬಂದು, ಬ್ಯಾಂಕಿನಂಥ ಸಾರ್ವಜನಿಕ ಸ್ಥಳದಲ್ಲಿ ಕೈಯಿಂದ ಕೈಗೆ ತೆಗೆದುಕೊಳ್ಳುವುದೇ ಲೇಸು.

ವಿದೇಶಕ್ಕೆ ಕಳುಹಿಸುವವರಿಗೆ ಇನ್ನೊಂದು ಎಚ್ಚರಿಕೆ. ನೂರು ವರ್ಷ ಮೀರಿದ ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾನೂನು ನಿಷೇಧಿಸಿದೆ. ಮುತ್ತಜ್ಜನ ಕಾಲದ ಸರಪಣಿ ಗಡಿಯಾರವಾದರೆ ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಮೊದಲು ಪುರಾತತ್ತ್ವ ಇಲಾಖೆಯಿಂದ ಪಡೆಯಬೇಕು.

ಕಟ್ಟುವ ಕ್ರಮ

ಕೀಲಿ ಕೊಟ್ಟು ನಡೆಸುವ ಗಡಿಯಾರದೊಳಗೆ ಅತ್ತಿತ್ತ ಆಡುವ ಚಕ್ರದ ಅಚ್ಚಿನ ತುದಿಯು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ತೆಳುವಾಗಿರುತ್ತದೆ. ಹಿಡಿತವಿಲ್ಲದೆ ಬಿದ್ದ ಒಂದು ಪೆಟ್ಟಿಗೆ ಅದು ಮುರಿಯಬಹುದು. ಆದುದರಿಂದ ಗಡಿಯಾರವು ಪೆಟ್ಟಿಗೆಯೊಳಗೆ ಎಳ್ಳಷ್ಟೂ ಅಲುಗಾಡಬಾರದು. ಪಟ್ಟಿಯ ಕೊಂಡಿಯು ಹಿಂಬದಿಯನ್ನಾಗಲಿ ಗಾಜನ್ನಾಗಲಿ ಗೀರದಂತೆ ನಡುವೆ ಮೆತ್ತನೆಯ ಬಟ್ಟೆಯನ್ನಿಡಬೇಕು. ತೇವವನ್ನು ಹೀರುವ ಸಿಲಿಕಾ ಪೊಟ್ಟಣದೊಡನೆ ಅದನ್ನು ಗಟ್ಟಿಯಾದ ಚಿಕ್ಕ ಡಬ್ಬಿಯಲ್ಲಿರಿಸಿ, ಆ ಡಬ್ಬಿಯ ಸುತ್ತ ಎರಡು ಅಂಗುಲ ಮೆತ್ತೆಯಿರುವಂತೆ ದೊಡ್ಡ ಪೆಟ್ಟಿಗೆಯಲ್ಲಿಡಬೇಕು. ಎಲ್ಲ ಅಂಚುಗಳಿಗೂ ಟೇಪು ಹಚ್ಚಿ, ಅದರ ಮೇಲೆ ಅಡ್ಡಲಾಗಿ ಸಹಿ ಮಾಡಬೇಕು. ಹಿಂದೆ ವಿಮಾ ಪಾರ್ಸೆಲ್ಲುಗಳನ್ನು ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದುದನ್ನು ನಾವು ಕಂಡಿದ್ದೇವೆ. ಬಿಚ್ಚಿದರೆ ಗೊತ್ತಾಗಬೇಕೆಂಬ ಉದ್ದೇಶ ಎರಡರಲ್ಲಿಯೂ ಒಂದೇ. ಹೊರಗೆ ಗಡಿಯಾರದ ಹೆಸರಾಗಲಿ ಕಂಪನಿಯ ಗುರುತಾಗಲಿ ಕಾಣಬಾರದು. ಈಚಿನ ಸ್ಮಾರ್ಟ್ ವಾಚುಗಳಲ್ಲಿ ಲಿಥಿಯಂ ಬ್ಯಾಟರಿ ಇರುವುದರಿಂದ ಅದನ್ನು ಮೊದಲೇ ತಿಳಿಸಬೇಕು.

ಕಟ್ಟುವುದಕ್ಕೆ ಮುನ್ನ ಮುಖ, ಹಿಂಬದಿ ಮತ್ತು ಕ್ರಮಸಂಖ್ಯೆಯ ಚಿತ್ರಗಳನ್ನು ತೆಗೆದು, ಕಟ್ಟುವುದನ್ನು ಆದಿಯಿಂದ ಅಂತ್ಯದವರೆಗೆ ವಿಡಿಯೊ ಮಾಡಿ, ಮುಚ್ಚಿದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ತೂಕವನ್ನೂ ಚಿತ್ರಿಸಬೇಕು. ದಾರಿಯಲ್ಲಿ ತೂಕ ಕಡಿಮೆಯಾದರೆ ಅದೇ ಸಾಕ್ಷಿ. ಹಳೆಯ ಗಡಿಯಾರಕ್ಕೆ ಬಿಲ್ಲು ಇರುವುದಿಲ್ಲವಾದ್ದರಿಂದ ನುರಿತ ಗಡಿಯಾರ ರಿಪೇರಿಯವರಿಂದ ಬೆಲೆಯ ಚೀಟಿಯನ್ನು ಬರೆಸಿಕೊಳ್ಳಬೇಕು. ಕೊಂಡವರು ಸಹ ಪೆಟ್ಟಿಗೆಯನ್ನು ತೆರೆಯುವಾಗ ವಿಡಿಯೊ ಮಾಡಬೇಕು. ಹೊರಮೈ ಹರಿದಿದ್ದರೆ ಅದನ್ನು ರಸೀತಿಯಲ್ಲಿ ಬರೆಯದೆ ಸಹಿ ಮಾಡಕೂಡದು.

ಹಣದ ಎಚ್ಚರ

ಪೆಟ್ಟಿಗೆಗಿಂತ ಮೊದಲೇ ಮೋಸ ನಡೆಯುವುದೂ ಉಂಟು. ಹಣ ಕಳುಹಿಸಿದೆವೆಂದು ತೋರಿಸುವ ಮೊಬೈಲಿನ ಚಿತ್ರವನ್ನು ನಂಬಬಾರದು. ಸ್ವಂತ ಬ್ಯಾಂಕ್ ಖಾತೆಯಲ್ಲಿ ಹಣ ಜಮಾ ಆದುದನ್ನು ಕಂಡ ಮೇಲೆಯೇ ವಸ್ತುವನ್ನು ಕಳುಹಿಸಬೇಕು. ಯು.ಪಿ.ಐ.ಯಲ್ಲಿ ಹಣವನ್ನು ಪಡೆಯಲು ಪಿನ್ ಸಂಖ್ಯೆ ಎಂದಿಗೂ ಬೇಕಾಗುವುದಿಲ್ಲ. ಅದನ್ನು ಒತ್ತಿರೆಂದವನು ಹಣವನ್ನು ಕೊಡುವವನಲ್ಲ, ಕೊಂಡೊಯ್ಯುವವನು. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಸಾಗಣೆದಾರನ ಸೇವಾಲೋಪಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಎರಡು ವರ್ಷಗಳ ಒಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅಲ್ಲಿಯೂ ಕೇಳುವುದು ಅದೇ ಪ್ರಶ್ನೆ: ಕಾಗದದಲ್ಲಿ ನೀವು ಏನೆಂದು ಬರೆದಿದ್ದಿರಿ?

ಮನೆಯಲ್ಲಿ ಇಂಥ ಗಡಿಯಾರವಿದ್ದವರು ಮಾರುವ ವಿಚಾರ ಇಂದಿಲ್ಲದಿದ್ದರೂ ಅದರ ಕ್ರಮಸಂಖ್ಯೆಯನ್ನು ಬರೆದು, ಚಿತ್ರ ತೆಗೆದು, ಬೆಲೆಯ ಚೀಟಿಯನ್ನು ಮಾಡಿಸಿಡುವುದು ಒಳ್ಳೆಯದು. ಒಂದು ಮಧ್ಯಾಹ್ನದ ಕೆಲಸವಿದು. ಮಾರುವ ದಿನ ಬಂದಾಗ ವಿಮೆಯ ಶುಲ್ಕವನ್ನು ಬೆಲೆಯಲ್ಲಿಯೇ ಸೇರಿಸಿ ಹೇಳಿದರೆ ಪ್ರಾಮಾಣಿಕನಾದ ಕೊಳ್ಳುಗನು ಬೇಡವೆನ್ನುವುದಿಲ್ಲ. ಬೇಡವೆನ್ನುವವನಿಗೆ ಮಾರದಿರುವುದೇ ಕ್ಷೇಮ.