ಕಿವುಡು ಕೂಸಿನ ಚಿಕಿತ್ಸೆ: ಕೈಯೋ, ಯಂತ್ರವೋ?

ಹುಟ್ಟುಕಿವುಡಾದ ಕೂಸಿಗೆ ಶಬ್ದದ ಅರಿವನ್ನು ಒದಗಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಕ್ರಿಯೆಯಲ್ಲಿ ವೈದ್ಯನ ಕೈ ಮೇಲೋ, ರೋಬೋಟ್ ಯಂತ್ರ ಮೇಲೋ ಎಂಬ ಚರ್ಚೆ ವೈದ್ಯವಲಯದಲ್ಲಿ ನಡೆದಿದೆ. ಹೊಸತನ್ನು ಕಂಡೊಡನೆ ಕೈಮುಗಿಯುವವರೂ, ಕಂಡೊಡನೆ ಮೂಗು ಮುರಿಯುವವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ, ಈ ಯಂತ್ರವು ಮಾಡುವ ಕೆಲಸವಾದರೂ ಏನೆಂಬುದನ್ನು ಮೊದಲು ನೋಡತಕ್ಕದ್ದು.

ಒಳಗಿವಿಯ ಕಾಕ್ಲಿಯಾ ಎಂಬ ಅಂಗವು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ್ದು, ಬಟಾಣಿ ಕಾಳಿನಷ್ಟು ಗಾತ್ರವುಳ್ಳದ್ದು. ಕಿವಿಯ ಹಿಂದಣ ಎಲುಬನ್ನು ಕೊರೆದು, ಮುಖದ ನರಕ್ಕೆ ಧಕ್ಕೆ ತಗಲದಂತೆ ದಾರಿ ಮಾಡಿ, ಆ ಸುರುಳಿಯೊಳಕ್ಕೆ ವಿದ್ಯುತ್ತಿನ ಸಂಕೇತವನ್ನು ಒಯ್ಯುವ ಎಳೆಯೊಂದನ್ನು ನುಸುಳಿಸಬೇಕು. ಎಳೆ ರಭಸದಿಂದ ನುಗ್ಗಿದರೆ ಒಳಗಿನ ಸೂಕ್ಷ್ಮ ಪೊರೆ ಹರಿದು, ಮಗುವಿಗೆ ಉಳಿದಿರಬಹುದಾದ ಅಲ್ಪ ಶ್ರವಣಶಕ್ತಿಯೂ ಹೋದೀತು. ಎಷ್ಟೇ ನುರಿತ ಕೈಯಾದರೂ ಸೆಕೆಂಡಿಗೆ ಸುಮಾರು 1 ಮಿಲಿಮೀಟರಿಗಿಂತ ಬಹಳ ನಿಧಾನವಾಗಿ ಒಂದೇ ಸಮನೆ ದೂಡಲಾರದು, ಯಂತ್ರವು 0.1 ಮಿಲಿಮೀಟರಿನಂತೆ ಅದುರದೆ ದೂಡಬಲ್ಲುದು. ಕೆಲವರು ತಿಳಿದಿರುವಂತೆ ರೋಬೋಟು ತಾನೇ ಕತ್ತಿ ಹಿಡಿದು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೊಯ್ಯುವುದೂ ಕೊರೆಯುವುದೂ ವೈದ್ಯನ ಕೈಯೇ. ಸ್ವಿಜರ್ಲೆಂಡಿನ ಬರ್ನ್ ನಗರದಲ್ಲಿ 2016ರಲ್ಲಿ ಎಲುಬು ಕೊರೆಯುವುದನ್ನೂ ರೋಬೋಟಿಗೆ ಒಪ್ಪಿಸಿದರು. ಆ ರೋಗಿ ವಯಸ್ಕರು.

ಅಮೆರಿಕದಲ್ಲಿ ಎಳೆ ದೂಡುವ ಯಂತ್ರವೊಂದಕ್ಕೆ 2021ರಲ್ಲಿ ಮೊದಲ ಅನುಮತಿ ದೊರೆತಾಗ ಅದು 12 ವರ್ಷ ತುಂಬಿದವರಿಗೆ ಮಾತ್ರ. ಇಂಪ್ಲಾಂಟನ್ನಾದರೋ ಅದೇ ದೇಶವು 2020ರಲ್ಲಿಯೇ 9 ತಿಂಗಳ ಕೂಸಿಗೂ ಅಂಗೀಕರಿಸಿತ್ತು. ಈ ಅಂತರ ವಿಚಾರಾರ್ಹ. ಕಾಕ್ಲಿಯಾ ಹುಟ್ಟುವಾಗಲೇ ಪೂರ್ಣ ಬೆಳೆದಿರುವುದು ನಿಜ. ಆದರೆ ಎಳೆಯ ಕೂಸಿನ ತಲೆಯೋಡು ತೆಳುವು, ಮುಖದ ನರವೂ ಮೇಲ್ಮೈಗೆ ಸಮೀಪ. ಅನಂತರದ ವರ್ಷಗಳಲ್ಲಿ ಮಕ್ಕಳಿಗೂ ಯಂತ್ರವನ್ನು ಬಳಸಿದ್ದಾರೆ. ಅವರು ಮಾತು ಕಲಿಯುವುದರಲ್ಲಿ ಕೇವಲ ಕೈಯಿಂದ ಚಿಕಿತ್ಸೆ ಪಡೆದ ಮಕ್ಕಳನ್ನು ಮೀರಿಸುವರೆಂಬುದು ಮಾತ್ರ ಇನ್ನೂ ಸಿದ್ಧಪಟ್ಟಿಲ್ಲ.

ಯಂತ್ರವನ್ನು ನಾವು ಹಳಿಯುವುದಿಲ್ಲ. ಕೂಸು ಆ ಕಿವಿಯೊಡನೆ ಎಪ್ಪತ್ತು ವರ್ಷ ಬಾಳಬೇಕು. ಮುಂದೊಮ್ಮೆ ಇಂಪ್ಲಾಂಟನ್ನು ಬದಲಿಸುವ ಪ್ರಸಂಗವೂ ಬಂದೀತು. ಆದುದರಿಂದ ಒಳಗಿವಿಯನ್ನು ನೋಯಿಸದಿರುವುದು ದೊಡ್ಡ ಲಾಭವೇ. ಆದರೆ ಮಿದುಳು ಭಾಷೆಯನ್ನು ಸುಲಭವಾಗಿ ಹಿಡಿಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಐದನೆಯ ವರ್ಷದಲ್ಲಿ ಅತ್ಯುತ್ತಮ ಯಂತ್ರದಿಂದ ಸೇರಿಸಿದ ಎಳೆಗಿಂತ ಮೊದಲ ವರ್ಷದಲ್ಲಿ ನುರಿತ ಕೈ ಸೇರಿಸಿದ ಎಳೆಯೇ ಆ ಮಗುವಿಗೆ ಹೆಚ್ಚು ಮಾತು ಕೊಡುವುದೆಂದು ನಾವು ಭಾವಿಸುತ್ತೇವೆ. ಬಡಮಕ್ಕಳ ಇಂಪ್ಲಾಂಟಿಗೆ ಭಾರತ ಸರಕಾರವು 2014ರಲ್ಲಿ ತಲಾ 6 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿತು. ನೆರವಿದ್ದೂ ಕಿವುಡುತನ ತಂದೆತಾಯಿಗಳಿಗೆ ತಿಳಿಯುವುದೇ ತಡವಾದರೆ ಫಲವೇನು? ಹೆರಿಗೆಯ ಆಸ್ಪತ್ರೆಯಿಂದ ಹೊರಡುವ ಮುನ್ನ ಪ್ರತಿ ಕೂಸಿನ ಕಿವಿಯನ್ನು ಪರೀಕ್ಷಿಸುವುದಕ್ಕೂ, ಶಸ್ತ್ರಕ್ರಿಯೆಯ ತರುವಾಯ ವರ್ಷಗಟ್ಟಲೆ ಮಾತು ಕಲಿಸುವ ಶಿಕ್ಷಕರನ್ನು ಜಿಲ್ಲೆ ಜಿಲ್ಲೆಗೂ ಒದಗಿಸುವುದಕ್ಕೂ ಅಧಿಕಾರಿಗಳು ಮೊದಲು ಹಣವನ್ನು ತೆಗೆದಿರಿಸಲಿ; ರೋಬೋಟಿನ ಖರೀದಿಯನ್ನು ಆಮೇಲೆ ಯೋಚಿಸಬಹುದು.